ಸಿರುಗುಪ್ಪದಲ್ಲಿ ಕಥೆ ಕಲಿಸಿದ್ದು

ಒಂದು ಪುಸ್ತಕ ಬರೆದವನಿಗೆ ಆಗುವ ಮೊದಲ ನಷ್ಟವೆಂದರೆ ‘ಆಗುವುದಿಲ್ಲ’ ಎನ್ನುವ ಶಕ್ತಿ ಹೋಗಿಬಿಡುವುದು. ನನಗೆ ಹೀಗಾದದ್ದು ಎಪ್ಪತ್ತರ ದಶಕದಲ್ಲಿ, ಬಳ್ಳಾರಿಯ ಕೋರ್ಟಿನಲ್ಲಿ ನಕಲು ಗುಮಾಸ್ತನಾಗಿದ್ದಾಗ. ನನ್ನ ಹನ್ನೊಂದು ಕಥೆಗಳು ಪುಸ್ತಕವಾಗಿ ಬಂದಿದ್ದವು. ಓದಿದವರು ಯಾರೆಂದು ಈವರೆಗೂ ತಿಳಿದಿಲ್ಲ. ಆದರೂ ಸಿರುಗುಪ್ಪದ ಹೈಸ್ಕೂಲೊಂದರ ಹೆಡ್‌ಮಾಸ್ಟರು ಹುಡುಕಿಕೊಂಡು ಬಂದು, ‘ಸಾಹಿತಿಗಳು ಮೂರು ಐತವಾರ ಬಂದು ನಮ್ಮ ಹುಡುಗ್ರಿಗೆ ಕಥಿ ಬರಿಯೋದು ಕಲಿಸಬೇಕ್ರಿ’ ಎಂದರು. ನನ್ನನ್ನು ಅದುವರೆಗೆ ಸಾಹಿತಿ ಎಂದವರು ಇನ್ನೊಬ್ಬರಿಲ್ಲ. ಕೂಡಲೇ ಒಪ್ಪಿಕೊಂಡೆ. ‘ಕಲಿಸಾಕ ನಿಮಗ ಬರ್ತೈತೇನ್ರಿ?’ ಎಂದು ಹೆಂಡತಿ ಕೇಳಿದ್ದಕ್ಕೆ ರೇಗಿಯೂಬಿಟ್ಟೆ.

ಮೊದಲ ಭಾನುವಾರ ಬಸ್ಸಿನಲ್ಲಿ ನಿಂತೇ ಹೋಗಿ, ಪಾತ್ರ, ಸಂದರ್ಭ, ಧ್ವನಿ ಎಂದು ಒಂದು ಗಂಟೆ ಬೋರ್ಡಿನ ಮೇಲೆ ಬರೆದೆ. ಮಕ್ಕಳು ಶ್ರದ್ಧೆಯಿಂದ ನಕಲು ಮಾಡಿಕೊಂಡರು. ಒಬ್ಬ ಎದ್ದು, ‘ಸಾರ್, ಇದು ಪರೀಕ್ಷಿಗೆ ಬರ್ತೈತೇನ್ರಿ?’ ಎಂದ. ಇಲ್ಲ ಎಂದೆ. ಮೂವತ್ತು ಪೆನ್ನುಗಳ ಕ್ಯಾಪು ಒಟ್ಟಿಗೆ ಮುಚ್ಚಿಕೊಂಡ ಸದ್ದು ಕೇಳಿಸಿತು. ಕೊನೆಗೆ ಹೇಗೋ ಗೋಗರೆದು ಕಥೆ ಬರೆಸಿದೆ. ಎಲ್ಲದರಲ್ಲೂ ಶ್ರೀಮಂತನ ಮಗ, ಬಡ ಹುಡುಗಿ, ನಡುವೆ ಬಂದು ಗುದ್ದುವ ಕಾರು. ಆ ಊರಿನಲ್ಲಿ ಆಗ ಇದ್ದ ಕಾರುಗಳಿಗಿಂತ ಆ ಕಥೆಗಳಲ್ಲಿ ಗುದ್ದಿದ ಕಾರುಗಳೇ ಹೆಚ್ಚು.

ಎರಡನೆಯ ಭಾನುವಾರ ತಾಳ್ಮೆ ಕೆಟ್ಟು ಮೇಜು ಕುಟ್ಟಿದೆ. ‘ಈ ಕಾರು ಸಾಕ್ರಪಾ! ನಿಮ್ಮ ಮನಿಯಾಗ ಕಂಡಿದ್ದು ಬರೀರಿ, ಇದ್ದದ್ದು ಇದ್ದಂಗ. ಯಾರಿಗೂ ಅಂಜಬ್ಯಾಡ್ರಿ!’

ನನ್ನ ಮಾತು ನಂಬಿದವಳು ಒಬ್ಬಳೇ, ಹತ್ತನೆಯ ತರಗತಿಯ ಹುಸೇನ್‌ಬಿ. ಅವಳು ಬರೆದದ್ದು ಇಷ್ಟು: ಅಪ್ಪ ಕಾಸೀಂಸಾಬ್ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವರು. ಅಕ್ಷರ ಬಾರದು. ಆದರೂ ದಿನಾ ಸಂಜೆ ಹೋಟೆಲಿನಲ್ಲಿ ಪೇಪರು ಹಿಡಿದು ತಲೆದೂಗುತ್ತಾ ಕೂರುತ್ತಾರೆ. ಒಂದು ದಿನ ಕರೆಯಲು ಹೋದ ಇವಳಿಗೆ ಪೇಪರು ತಲೆಕೆಳಗಾಗಿರುವುದು ಕಂಡಿತು. ‘ನಾನು ನೋಡಿದ್ದು ಅಬ್ಬಾಗೆ ಗೊತ್ತಾಗಬಾರದೆಂದು ಕರೆಯದೆ ಬಂದೆ’ ಎಂದು ಕಥೆ ಮುಗಿಸಿದ್ದಳು. ನನ್ನ ಹನ್ನೊಂದು ಕಥೆಗಳಲ್ಲಿ ಹುಡುಕಿದರೂ ಇಂಥ ಒಂದು ಸಾಲಿಲ್ಲ. ಹೊಟ್ಟೆಕಿಚ್ಚು ಮುಚ್ಚಿಕೊಳ್ಳಲು ಅದನ್ನು ಜೋರಾಗಿ ಇಡೀ ತರಗತಿಗೆ ಓದಿದೆ. ಅವಳನ್ನು ಕೇಳಬೇಕೆಂದು ಹೊಳೆಯಲೇ ಇಲ್ಲ. ಸಂಜೆಯೊಳಗೆ ಕಥೆ ಹೋಟೆಲು ತಲುಪಿತ್ತು.

ಮೂರನೆಯ ಭಾನುವಾರ ಬಾಗಿಲಲ್ಲಿ ಕಾಸೀಂಸಾಬರೇ ನಿಂತಿದ್ದರು. ಹೆಡ್‌ಮಾಸ್ಟರು, ‘ನೀವ ಮಾತಾಡ್ರಿ, ಬರಿಯಾಕ ಹಚ್ಚಿದವ್ರು ನೀವ ಅಲ್ಲೇನ್ರಿ’ ಎಂದು ನೀರಿನ ಟ್ಯಾಂಕು ನೋಡಲು ಹೊರಟುಹೋದರು.

‘ನನ್ನ ಮಗಳು ನನ್ನ ಮ್ಯಾಲೆ ಏನೋ ಬರ್ದಾಳಂತ. ಹೋಟ್ಲಾಗ ಮಂದಿ ನಗ್ತಾರ’ ಎಂದರು ಕಾಸೀಂಸಾಬರು. ‘ಓದ್ರಿ, ಕೇಳ್ತೀನಿ.’

ಅವರ ತೋಳು ನೋಡಿದೆ. ನೂರು ಕಿಲೋ ಮೂಟೆ ಎತ್ತುವ ತೋಳು. ಓದುತ್ತಾ ತಲೆಕೆಳಗಾದ ಪೇಪರಿನ ಜಾಗಕ್ಕೆ ಬಂದಾಗ ನನ್ನ ನಾಲಿಗೆ ತಾನಾಗಿ ಹೊರಳಿತು: ‘ಅಬ್ಬಾ ಪೇಪರನ್ನು ಮೊದಲಿನಿಂದ ಕೊನೆಯವರೆಗೆ ಓದಿ ದೇಶದ ಬಗ್ಗೆ ಚಿಂತಿಸಿದರು.’

‘ನಾನು ಹಂಗ ಬರ್ದಿಲ್ರಿ ಸಾರ್.’

ಹುಸೇನ್‌ಬಿ ಎದ್ದು ಬಂದು, ನನ್ನ ಕೈಯಿಂದ ನೋಟುಬುಕ್ಕು ತೆಗೆದುಕೊಂಡು, ಅಪ್ಪನ ಎದುರು ನಿಂತು ಇದ್ದದ್ದನ್ನು ಇದ್ದ ಹಾಗೆ ಓದಿದಳು. ಕಾಸೀಂಸಾಬರು ಮಗಳತ್ತ ಬಗ್ಗಿದರು.

‘ಅವತ್ತು ಕರಿಯಾಕ ಬಂದಿದ್ದೇನವ್ವಾ?’

‘ಹೂಂ ಅಬ್ಬಾ.’

ಅವರು ನನ್ನತ್ತ ತಿರುಗಿದರು. ‘ತಲಿಕೆಳಗ ಹಿಡಿದಿದ್ದು ಖರೇನ್ರಿ. ಆದ್ರ ಅವತ್ತಿಂದು ತೆಲುಗು ಪೇಪರಂತ, ಹೋಟ್ಲವ ಆಮ್ಯಾಲೆ ಹೇಳ್ದ. ಅದನ್ನೂ ಬರೀಬೇಕಿತ್ತು, ಹೌದಲ್ರಿ?’

ತರಗತಿ ಘೊಳ್ಳೆಂದಿತು. ಅವರೂ ನಕ್ಕರು. ಆಮೇಲೆ ಹೋಗಲೂ ಇಲ್ಲ. ಹಿಂದಿನ ಬೆಂಚಿನಲ್ಲಿ ಮಗಳ ಪಕ್ಕ ಕೂತು, ‘ನನ್ನ ಹೆಸರು ಹೆಂಗ ಬರೀತಾರ, ತೋರ್ಸು’ ಎಂದರು. ಕಥೆಯ ಮುಕ್ತಾಯದ ಬಗ್ಗೆ ವಾರವಿಡೀ ಸಿದ್ಧಪಡಿಸಿದ್ದ ನನ್ನ ಭಾಷಣ ಯಾರಿಗೂ ಬೇಕಾಗಲಿಲ್ಲ. ಮೂವತ್ತು ಕುತ್ತಿಗೆಗಳೂ ಹಿಂದಕ್ಕೆ ತಿರುಗಿ, ಆ ದೊಡ್ಡ ಕೈ ‘ಕಾ’ ಬರೆಯಲು ಒದ್ದಾಡುವುದನ್ನೇ ನೋಡುತ್ತಿದ್ದವು.

ಬಳ್ಳಾರಿಗೆ ಬಂದು ಇದನ್ನೆಲ್ಲ ಬರೆದೆ. ಆ ಬರಹದಲ್ಲಿ ನಾನು ನಿರ್ಭಯವಾಗಿ ಓದಿದ್ದೆ. ಹುಡುಗಿ ಬಾಗಿಲ ಮರೆಯಲ್ಲಿ ಅಳುತ್ತಿದ್ದಳು. ನಾನೇ ಅಪ್ಪನಿಗೆ ಬುದ್ಧಿ ಹೇಳಿದ್ದೆ. ಹೆಂಡತಿ ಓದಿ, ‘ಛಲೋ ಐತ್ರಿ. ಖರೇ ಏನಾತು?’ ಎಂದಳು. ಹರಿದು ಹಾಕಿ ಮತ್ತೆ ಬರೆದೆ. ಇದರಲ್ಲೂ ಒಂದೆರಡು ಕಡೆ ನಾನು ಇದ್ದದ್ದಕ್ಕಿಂತ ಚೂರು ಜಾಣನಾಗಿಯೇ ಕಾಣುತ್ತೇನೆ. ಏನು ಮಾಡಲಿ, ಎದ್ದು ಬಂದು ಕಸಿದುಕೊಳ್ಳಲು ಹುಸೇನ್‌ಬಿ ಇಲ್ಲಿಲ್ಲ.