ಅರವತ್ತು ದಾಟಿದರೆ ನಡುಕ

ಲಾರಿ ಮೆಕ್ಯಾನಿಕ್ಕಿಗೆ ಲಾರಿಗಳು ಕೊಡುವ ಕಾಟ ಕಡಿಮೆ. ಲಾರಿಯಿಂದ ಇಳಿದು ಬರುವವರು ಕೊಡುವುದೇ ಜಾಸ್ತಿ. ಒಬ್ಬರನ್ನು ಸಾಗಹಾಕಿ ಕೈಗೆ ಸೋಪು ಹಚ್ಚುವಷ್ಟರಲ್ಲಿ ಇನ್ನೊಬ್ಬರು ಬಂದು ನಿಂತಿರುತ್ತಾರೆ.

ಪೆರೇಸಂದ್ರದ ಹತ್ತಿರ, ಹೈದರಾಬಾದ್ ರಸ್ತೆಗೆ ಮುಖ ಮಾಡಿಕೊಂಡು ನನ್ನದೊಂದು ತಗಡಿನ ಶೆಡ್ಡಿತ್ತು. ಹಳೇ ರಸ್ತೆ ಇರುವಷ್ಟು ಕಾಲ ಲಾರಿ ನಡುಗಿದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ತಪ್ಪೆಲ್ಲ ಗುಂಡಿಗಳ ತಲೆಗೆ ಹೋಗುತ್ತಿತ್ತು. ಎರಡು ಸಾವಿರದ ಇಸವಿ ಕಳೆದ ಮೇಲೆ ರಸ್ತೆ ಅಗಲವಾಯಿತು, ನುಣ್ಣಗಾಯಿತು. ಅಲ್ಲಿಯವರೆಗೆ ನಲವತ್ತರ ಮೇಲೆ ಹೋಗದಿದ್ದ ಗಾಡಿಗಳು ಅರವತ್ತು, ಎಪ್ಪತ್ತು ಅಂತ ಓಡತೊಡಗಿದವು. ಆವಾಗ ಗೊತ್ತಾಯಿತು, ಇಷ್ಟು ವರ್ಷ ನಡುಗುತ್ತಿದ್ದದ್ದು ರಸ್ತೆಯಲ್ಲ, ಗಾಡಿ ಅಂತ. ಒಬ್ಬ ಮಾಲೀಕರಂತೂ ಅದನ್ನು ಒಪ್ಪಲೇ ಇಲ್ಲ. "ಹಳೇ ರಸ್ತೇಲಿ ನನ್ನ ಗಾಡಿ ಚೆನ್ನಾಗಿತ್ತು ಕಣಯ್ಯ. ಇವರು ಟಾರಿಗೆ ಏನೋ ಬೆರೆಸವ್ರೆ" ಅಂದರು.

ಆ ಕಾಲದ ಕೆಲವು ಮಹನೀಯರನ್ನು ನೆನೆಸಿಕೊಂಡರೆ ಈಗಲೂ ಒಬ್ಬನೇ ಕೂತು ನಗುತ್ತೇನೆ.

ಮೈಮೇಲೆ ಬಂದದ್ದು

ನಡುಕದ ಗಾಡಿ ಬಂದರೆ ನಾನು ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ನಡುಗೋದು ಸ್ಟೇರಿಂಗೋ, ಸೀಟೋ? ಸ್ಟೇರಿಂಗ್ ನಡುಗಿದರೆ ಸಾಮಾನ್ಯವಾಗಿ ತೊಂದರೆ ಮುಂದಿನ ಚಕ್ರದಲ್ಲಿ, ಸೀಟು ನಡುಗಿದರೆ ಹಿಂದೆ. ಅಷ್ಟು ಹೇಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಆದರೆ ನೆಟ್ಟಗೆ ಉತ್ತರ ಕೊಟ್ಟ ಡ್ರೈವರನ್ನು ನಾನು ಕಾಣೆ.

ಇಟ್ಟಿಗೆ ಲಾರಿಯ ಡ್ರೈವರೊಬ್ಬ ಬಂದ. ಆಳು ದಪ್ಪ, ಮೀಸೆಯೂ ದಪ್ಪ.

"ಹೆಂಗೆ ನಡುಗ್ತದಪ್ಪ?" ಅಂದೆ.

"ಬಾಯಲ್ಲಿ ಹೇಳೋಕಾಗಲ್ಲಣ್ಣ, ಮಾಡಿ ತೋರಿಸ್ತೀನಿ."

ಶೆಡ್ಡಿನ ಮುಂದೆ ಕಾಲು ಅಗಲಿಸಿ ನಿಂತ. ಇಲ್ಲದ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಇದು ನಲವತ್ತು" ಅಂತ ಭುಜ ಅಲುಗಿಸಿದ. "ಇದು ಐವತ್ತು" ಅಂದ, ಹೊಟ್ಟೆಯೂ ಸೇರಿಕೊಂಡಿತು. ಅರವತ್ತಕ್ಕೆ ಬಂದಾಗ ಕಣ್ಣು ಮೇಲಕ್ಕೆ ಹೋಗಿ, ಹಲ್ಲು ಕಟಕಟ ಅಂದು, ಟವಲು ಬಿದ್ದು, ಇಡೀ ಮನುಷ್ಯ ಗಡಗಡ ನಡುಗತೊಡಗಿದ.

ಪಕ್ಕದಲ್ಲಿ ಕಡಲೆಕಾಯಿ ಮಾರುತ್ತಿದ್ದ ಅಜ್ಜಿ ಎದ್ದು ಓಡಿಬಂದಳು. ಸೆರಗು ಹೊದ್ದು ಕೈಮುಗಿದು ನಿಂತೇಬಿಟ್ಟಳು. "ತಾಯಿ, ನನ್ನ ಸೊಸೆ ತೌರಿಂದ ಯಾವಾಗ ಬರ್ತಾಳೆ, ಒಂದು ಮಾತು ಹೇಳವ್ವ."

ಅವನು ನಡುಕ ನಿಲ್ಲಿಸಲಿಲ್ಲ. ಎಂಬತ್ತರವರೆಗೆ ತೋರಿಸಿಯೇ ತೀರುತ್ತೇನೆ ಅಂತ ಹಟ. ಕೊನೆಗೆ ನಾನೇ ಹೇಳಬೇಕಾಯಿತು: "ಅಜ್ಜಿ, ಇದು ದೇವರಲ್ಲ. ಮುಂದಿನ ಎಡಗಡೆ ಚಕ್ರ."

ಯಾವನು ಮಾಡಿದ್ದು?

ಚಿಂತಾಮಣಿಯಲ್ಲಿ ಒಬ್ಬ ಹಿರಿಯ ಮೇಸ್ತ್ರಿ ಇದ್ದರು. ಬೇರೆ ಮೆಕ್ಯಾನಿಕ್ಕುಗಳನ್ನು ಬೈಯುವುದರಲ್ಲಿ ಅವರಷ್ಟು ನುರಿತವರು ಇಡೀ ಜಿಲ್ಲೆಯಲ್ಲಿ ಇರಲಿಲ್ಲ. ಹಳೇ ಸಾಮಾನು ಹುಡುಕಿಕೊಂಡು ಹೋದಾಗಲೆಲ್ಲ ಅವರ ಗ್ಯಾರೇಜಿನಲ್ಲಿ ಸ್ವಲ್ಪ ಹೊತ್ತು ಕೂರುತ್ತಿದ್ದೆ. ಬೈಗುಳ ಕೇಳುವುದಕ್ಕೇ.

ಅವತ್ತು ಟೊಮೇಟೊ ಲಾರಿ ಬಂದಿತ್ತು. ಜೋರಾಗಿ ಓಡಿಸಿದರೆ ಮುಂದಿನ ಚಕ್ರ ಎಷ್ಟು ನಡುಗುತ್ತಿತ್ತು ಅಂದರೆ, ತುಂಬಿದ್ದು ಟೊಮೇಟೊ, ಮದ್ರಾಸಿನಲ್ಲಿ ಇಳಿಸಿದ್ದು ಸಾರು. ಮೇಸ್ತ್ರಿ ಚಕ್ರ ಬಿಚ್ಚಿಸಿ, ಚಕ್ರ ಆ ಕಡೆ ಈ ಕಡೆ ಹೊರಳುವ ಕೀಲಿನ ಕಿಂಗ್ ಪಿನ್ ಹೊರಗೆ ಎಳೆಸಿ ನೋಡಿದರು. ಒಳಗೆ ಬುಷ್ ಅನ್ನುವ ಹಿತ್ತಾಳೆ ಬಳೆ ಇರಬೇಕಾದ ಜಾಗದಲ್ಲಿ ಯಾರೋ ಎಣ್ಣೆ ಡಬ್ಬದ ತಗಡು ಕತ್ತರಿಸಿ, ಸುರುಳಿ ಸುತ್ತಿ ತುರುಕಿದ್ದರು. ತಗಡಿನ ಮೇಲಿನ ಸೂರ್ಯಕಾಂತಿ ಹೂವು ಇನ್ನೂ ಅರಳಿಕೊಂಡೇ ಇತ್ತು.

ಮೇಸ್ತ್ರಿಗೆ ಅರ್ಧ ಖುಷಿ, ಅರ್ಧ ಸಿಟ್ಟು. ಅಂಗಳದಲ್ಲಿದ್ದ ಎಲ್ಲರನ್ನೂ ಕರೆದು ತೋರಿಸಿದರು. "ನೋಡ್ರಪ್ಪ, ನೋಡಿ! ಇವನು ಮೆಕ್ಯಾನಿಕ್ಕಾ, ವಡೆ ಸುಡೋನಾ? ಇಂಥವರನ್ನ ಸ್ಪ್ಯಾನರ್ ಕಿತ್ಕೊಂಡು ಊರು ಬಿಡಿಸ್ಬೇಕು!" ಕೋಪ ನೆತ್ತಿಗೇರಿದರೆ ಅವರಿಗೆ ತೆಲುಗು ಬರುತ್ತಿತ್ತು. ಡ್ರೈವರಿನ ಕಡೆ ತಿರುಗಿ ಗುಡುಗಿದರು: "ಎವುಡಯ್ಯಾ ಈ ಪನಿ ಚೇಸಿಂದಿ?"

ಡ್ರೈವರು ತಲೆ ಕೆರೆದುಕೊಂಡ. ಆ ಕಡೆ ಈ ಕಡೆ ನೋಡಿದ. ಆಮೇಲೆ ಮೆಲ್ಲಗೆ ಅಂದ: "ನುವ್ವೇ ಕದನ್ನಾ. ಹೋದ ವರ್ಷ ನೀನೇ ಮಾಡಿಕೊಟ್ಟಿದ್ದಲ್ವಾ."

ಮೇಸ್ತ್ರಿ ತಗಡನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದರು. ಮುಖದಲ್ಲಿ ಒಂದು ಗೆರೆ ಕೂಡ ಅಲುಗಲಿಲ್ಲ.

"ಹೌದಾ? ಅದಕ್ಕೇ ಮತ್ತೆ, ಬರೀ ತಗಡಾದ್ರೂ ಒಂದು ವರ್ಷ ತಡೆದೈತೆ."

ಕೂಲಿಯವರಿಗೆ ಅಭ್ಯಾಸ

ಗೌರಿಬಿದನೂರಿನ ಕಡೆ ಒಬ್ಬ ದೊಡ್ಡ ಕುಳ ಇದ್ದರು. ಜಮೀನು, ಕಲ್ಯಾಣ ಮಂಟಪ, ಎಲ್ಲ ಇತ್ತು. ಇಲ್ಲದ್ದು ಒಂದೇ, ಲಾರಿಗೆ ಹೊಸ ಟೈರು ಹಾಕಿಸುವ ಮನಸ್ಸು. ಸವೆದ ಟೈರಿಗೆ ಮತ್ತೆ ಮತ್ತೆ ರಬ್ಬರು ಅಂಟಿಸಿ ಓಡಿಸುತ್ತಿದ್ದರು. ಮುಂದಿನ ಒಂದು ಟೈರು ಹಲ್ಲುನೋವು ಬಂದವರ ಕೆನ್ನೆಯ ಹಾಗೆ ಒಂದು ಕಡೆ ಊದಿಕೊಂಡಿತ್ತು. ಐವತ್ತು ದಾಟಿದರೆ ಡ್ರೈವರಿನ ಕೈ ಸ್ಟೇರಿಂಗಿನ ಮೇಲೆ ನಿಲ್ಲುತ್ತಿರಲಿಲ್ಲ.

"ಯಜಮಾನ್ರೇ, ಟೈರು ಬದಲಾಯಿಸಿ."

"ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳಯ್ಯ."

ಹಾರ್ನು ಬದಲಾಯಿಸಿದರು. ಸೀಟಿಗೆ ಹೊಸ ಹೊದಿಕೆ ಹಾಕಿಸಿದರು. ಡ್ರೈವರನ್ನೂ ಬದಲಾಯಿಸಿದರು. ಹೊಸ ಡ್ರೈವರೂ ಅದೇ ದೂರು ತಂದಾಗ ಯಜಮಾನರಿಗೆ ಒಂದು ಉಪಾಯ ಹೊಳೆಯಿತು.

"ಆ ಟೈರು ತೆಗೆದು ಹಿಂದಕ್ಕೆ ಹಾಕು. ಹಿಂದಿಂದು ಮುಂದಕ್ಕೆ ಹಾಕು."

"ಹಿಂದೆ ಹಾಕಿದ್ರೂ ಅದು ಕುಣಿಯೋದೇ. ಹಿಂದೆ ಜನ ಕೂತಿರ್ತಾರಲ್ಲ?"

"ಕೂಲಿಯೋರು ತಾನೇ? ಅವರಿಗೆ ಅಭ್ಯಾಸ ಐತೆ."

ಹೇಳಿದ ಹಾಗೆ ಹಾಕಿಕೊಟ್ಟೆ. ಕೆಲಸದವರು ಹಿಂದೆ ಕುಣಿದುಕೊಂಡು ಓಡಾಡಿದರು. ಯಜಮಾನರಿಗೆ ದೂರು ತಲುಪಲಿಲ್ಲ, ತಲುಪಿದ್ದರೂ ಅವರು ಕೇಳುವವರಲ್ಲ.

ಅಷ್ಟರಲ್ಲಿ ಅವರ ತಮ್ಮನ ಮಗನ ಮದುವೆ ಬಂತು. ಹೆಣ್ಣಿನ ಊರು ದೂರ. ಕಾರು ಮದುವೆ ಗಂಡಿಗೆ ಹೋಯಿತು. ಲಾರಿಯ ಮುಂದಿನ ಸೀಟಿನಲ್ಲಿ ಹೆಂಗಸರು, ಮಕ್ಕಳು ಕಿಕ್ಕಿರಿದರು. ಯಜಮಾನರು ರೇಷ್ಮೆ ಪಂಚೆ ಎತ್ತಿ ಕಟ್ಟಿ, ಲಾರಿ ಹಿಂದೆ ಪಾತ್ರೆ ಪಗಡಗಳ ನಡುವೆ ಅಡುಗೆಯವರ ಜೊತೆ ಕೂರಬೇಕಾಯಿತು. ಡ್ರೈವರಿಗೆ ಮುಹೂರ್ತದ ಅವಸರ. ಹೈವೇ ಸಿಕ್ಕಿದ್ದೇ ತಡ, ಎಪ್ಪತ್ತಕ್ಕೆ ಬಿಟ್ಟ. ಹಿಂದಿನಿಂದ ಯಜಮಾನರು ಕೂಗಿಕೊಂಡದ್ದು ಕೊಳಗಗಳ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲವಂತೆ.

ಮದುವೆ ಮುಗಿದ ಮಾರನೇ ದಿನವೇ ಲಾರಿ ನನ್ನ ಶೆಡ್ಡಿಗೆ ಬಂತು. ಯಜಮಾನರು ಕುರ್ಚಿ ಕೊಟ್ಟರೂ ಕೂರಲಿಲ್ಲ, ಸೊಂಟ ಹಿಡಿದು ನಿಂತೇ ಇದ್ದರು.

"ಹೊಸ ಟೈರು ಹಾಕಯ್ಯ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. "ಹಿಂದಿನ ಎಲ್ಲಾ ಚಕ್ರಕ್ಕೂನಾ ಯಜಮಾನ್ರೇ?"

"ಎಲ್ಲಾ ಯಾಕೆ? ನಾನು ಕೂತಿದ್ದ ಕಡೇದು ಹಾಕು, ಸಾಕು."

ಮೀಟರು

ಇನ್ನೊಬ್ಬ ಮಾಲೀಕರು ಡ್ರೈವರನ್ನು ಕಳ್ಳನ ಹಾಗೆ ಹಿಡಿದುಕೊಂಡು ಬಂದರು. "ಇವನು ಅರವತ್ತು ದಾಟಿದ್ರೆ ಗಾಡಿ ನಡುಗ್ತದೆ ಅಂತಾನೆ. ಕೆಲಸ ತಪ್ಪಿಸ್ಕೊಳ್ಳೋಕೆ ಹೇಳೋ ಸುಳ್ಳು. ನೀವೇ ಪರೀಕ್ಷೆ ಮಾಡಿ."

ಮೂವರೂ ಹತ್ತಿ ಹೊರಟೆವು. ಡ್ರೈವರು ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಮಾಲೀಕರು "ನಿಧಾನ, ನಿಧಾನ! ಡೀಸೆಲ್ ಏನು ನಿಮ್ಮಪ್ಪ ಹಾಕಿಸ್ತಾನಾ?" ಅನ್ನುತ್ತಿದ್ದರು. ಚಿಕ್ಕಬಳ್ಳಾಪುರ ಬಂದರೂ ಗಾಡಿ ಜೋರು ಹಿಡಿಯಲೇ ಇಲ್ಲ. ಸೈಕಲ್ಲಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡವನೊಬ್ಬ ನಮ್ಮನ್ನು ಹಿಂದೆ ಹಾಕಿ ಹೋದ.

"ನೋಡಿದ್ರಾ? ಎಲ್ಲಿದೆ ನಡುಕ?" ಅಂತ ಗೆದ್ದವರ ಹಾಗೆ ಇಳಿದು ಕಾಫಿಗೆ ಹೋದರು. ಆ ಸಂದಿಯಲ್ಲಿ ನಾನೂ ಡ್ರೈವರೂ ಒಂದು ಸುತ್ತು ಹೊಡೆದು ಬಂದೆವು. ನಡುಕ ಚೆನ್ನಾಗಿಯೇ ಇತ್ತು. ಶೆಡ್ಡಿಗೆ ವಾಪಸು ಬಂದ ಮೇಲೆ ಚಕ್ರಗಳ ತೂಕ ಸರಿಮಾಡಿ ಸೀಸದ ತುಂಡು ಕೂರಿಸಿದೆ. ಗಾಡಿ ಬೆಣ್ಣೆಯ ಹಾಗೆ ಓಡಿತು.

ವಾರ ಕಳೆದಿರಲಿಲ್ಲ, ಡ್ರೈವರು ಕೆಂಡವಾಗಿ ಬಂದ. "ಏನಣ್ಣ ನೀವು ಮಾಡಿದ್ದು? ಪೊಲೀಸರು ಹಿಡಿದು ದಂಡ ಹಾಕವ್ರೆ. ಜೋರಾಗಿ ಹೋಗ್ತಾ ಇದ್ದೆನಂತೆ."

"ಅದಕ್ಕೆ ನಾನೇನು ಮಾಡ್ಲಪ್ಪ? ಮೀಟರ್ ನೋಡ್ಕೊಂಡು ಓಡಿಸ್ಬೇಕು."

"ಮೀಟರ್ ಎಲ್ಲೈತೆ? ಗಾಡಿ ತಗೊಂಡಾಗಿಂದ ಕೆಟ್ಟೈತೆ, ಸಾಹುಕಾರರು ರಿಪೇರಿ ಮಾಡಿಸಲ್ಲ. ನಡುಗಿದ್ರೆ ಅರವತ್ತು ಆಯ್ತು ಅಂತ ಕಾಲು ತೆಗೀತಿದ್ದೆ. ಇದ್ದ ಮೀಟರ್ ಅದೊಂದೇ, ಅದನ್ನೂ ನೀವು ಕಿತ್ತಾಕಿದ್ರಿ!"

ಆಮೇಲೆ ಅವನು ಸಿಟ್ಟು ಇಳಿಸಿಕೊಂಡು, ದನಿ ತಗ್ಗಿಸಿ ಬೇಡಿಕೊಂಡ: "ಸ್ವಲ್ಪ ಅಲ್ಲಾಡೋ ಹಂಗೆ ಮಾಡಿಕೊಡಣ್ಣ. ಜಾಸ್ತಿ ಬೇಡ. ಅರವತ್ತಕ್ಕೆ ಒಂದು ಸಲ ಜ್ಞಾಪಿಸಿದ್ರೆ ಸಾಕು."

ಬೆನ್ನುಮೂಳೆ

ಶಿಡ್ಲಘಟ್ಟದ ಕಡೆ, ಜಂಗಮಕೋಟೆಯಿಂದ ಒಂದು ಹೊಸ ಲಾರಿ ಬಂತು. ಜೊತೆಗೆ ಗಂಡ ಹೆಂಡತಿ. ಗಂಡ ಸರ್ಕಾರಿ ನೌಕರ, ಆದ್ದರಿಂದ ಲಾರಿ ಹೆಂಡತಿಯ ಹೆಸರಿನಲ್ಲಿ. ಹೆಸರಿನಲ್ಲಿ ಮಾತ್ರ ಅಂತ ಗಂಡ ಅಂದುಕೊಂಡಿದ್ದಿರಬೇಕು. ಆಯಮ್ಮ ಹಾಗೆ ಅಂದುಕೊಂಡಿರಲಿಲ್ಲ. ಮಾತೆಲ್ಲ ಅವರದೇ.

"ಐವತ್ತೈದು ಆಗ್ತಿದ್ದಂಗೆ ತಳದಿಂದ ಗುಂಯ್ ಅಂತ ಶುರುವಾಗುತ್ತೆ. ಸೀಟು ಜುಂ ಅನ್ನುತ್ತೆ. ಟೈರು ಬದಲಾಯಿಸಿದ್ವಿ, ಕ್ಲಚ್ಚು ಬಿಚ್ಚಿಸಿದ್ವಿ. ಇನ್ನು ಬಿಚ್ಚೋಕೆ ನಮ್ಮೆಜಮಾನ್ರೊಬ್ರೇ ಬಾಕಿ."

ಗಂಡ ನಕ್ಕರು. ನಗದಿದ್ದರೆ ಏನಾಗುತ್ತದೆ ಅಂತ ಗೊತ್ತಿದ್ದವರ ನಗು.

ಗಾಡಿಯ ಅಡಿಗೆ ನುಸುಳಿದೆ. ಇಂಜಿನ್ ಕಡೆಯಿಂದ ಹಿಂದಿನ ಚಕ್ರಕ್ಕೆ ಒಂದು ಉದ್ದನೆ ಕಬ್ಬಿಣದ ಕೊಳವೆ ಇರುತ್ತದೆ, ಜಾಯಿಂಟ್ ಶಾಫ್ಟ್ ಅನ್ನುತ್ತೇವೆ. ಗಾಡಿ ಓಡುವಾಗ ಅದು ಗಿರಗಿರ ತಿರುಗುತ್ತಿರುತ್ತದೆ. ಆ ಶಾಫ್ಟಿನ ನಟ್ಟನಡುವೆ ಅಂಗೈ ಅಗಲದ ದಪ್ಪ ತಾಮ್ರದ ಯಂತ್ರವೊಂದು ಕಬ್ಬಿಣದ ಪಟ್ಟಿ, ಬೋಲ್ಟು ಹಾಕಿ ಬಿಗಿಸಿಕೊಂಡು ಕೂತಿತ್ತು. ಅರಿಶಿನ ಕುಂಕುಮ ಬೇರೆ.

"ಅಮ್ಮ, ಇದನ್ನ ಯಾರು ಕಟ್ಟಿದ್ದು?"

"ನಮ್ಮ ಶಾಸ್ತ್ರಿಗಳು. ಗಾಡಿ ಬಂದ ದಿನವೇ ಕಟ್ಟಿಕೊಟ್ರು. ಗಾಡಿಯ ಬೆನ್ನುಮೂಳೆಗೆ ಕಟ್ಟಬೇಕು, ಯಾವುದದು ಅಂತ ಕೇಳಿದ್ರು. ನಮ್ಮ ಡ್ರೈವರು ಅದನ್ನ ತೋರಿಸ್ದ."

"ಮುಂಚೆ ನೋಡಿದ ಮೆಕ್ಯಾನಿಕ್ಕುಗಳು ಏನೂ ಹೇಳಲಿಲ್ವಾ?"

"ಇಲ್ಲಪ್ಪ. ಎಲ್ಲರೂ ಕೈಮುಗಿದು ಈಚೆಗೆ ಬಂದ್ರು."

ನಡುಕಕ್ಕೆ ಅದೇ ಕಾರಣ ಅಂತ ವಿವರಿಸಿದೆ. ತಿರುಗುವ ವಸ್ತುವಿಗೆ ಒಂದೇ ಕಡೆ ಭಾರ ಕಟ್ಟಿದರೆ ಅದು ಎಗರಾಡುತ್ತದೆ, ಬಿಚ್ಚಿದರೆ ಸರಿಹೋಗುತ್ತದೆ ಅಂದೆ. ಆಯಮ್ಮ ಲಾರಿಯ ಮುಂದೆ ಅಡ್ಡ ನಿಂತುಬಿಟ್ಟರು.

"ಮುಟ್ಟಿದ್ರೆ ನೋಡಿ! ಯಂತ್ರ ಬಿಚ್ಚೋದಾದ್ರೆ ಲಾರೀನೇ ಬೇಡ ನಂಗೆ."

ಗಂಡ ನನ್ನನ್ನು ಮರೆಗೆ ಕರೆದು, "ಏನಾದ್ರೂ ಮಾಡಿ ಸಾರ್. ಲಾರಿ ನಡುಗಿದ ದಿನವೆಲ್ಲ ಮನೇಲಿ ನಾನೂ ನಡುಗಬೇಕು" ಅಂದರು. ಪಾಪ ಅನ್ನಿಸಿತು. ಯೋಚನೆ ಮಾಡಿ ಆಯಮ್ಮನ ಹತ್ತಿರ ಹೋದೆ.

"ಅಮ್ಮ, ಬಿಚ್ಚೋದು ಬೇಡ. ಶಕ್ತಿಯೆಲ್ಲ ಒಂದೇ ಕಡೆ ಆಗಿಬಿಟ್ಟಿದೆ. ಎದುರುಬದುರಾಗಿ ಆ ಕಡೆಗೂ ಒಂದು ಬೇಕು. ಅಷ್ಟೇ ತೂಕದ್ದು, ಒಂದು ಗುಲಗಂಜಿ ಕೂಡ ಹೆಚ್ಚು ಕಡಿಮೆ ಆಗಬಾರದು."

ಆಯಮ್ಮನ ಮುಖ ಅರಳಿತು. "ನಿಮಗೆ ಇದೆಲ್ಲ ಗೊತ್ತಾ!" ಅಂತ ಅಲ್ಲಿಂದಲೇ ಫೋನು ಹಚ್ಚಿದರು. ಶಾಸ್ತ್ರಿಗಳು ಆಟೋದಲ್ಲೇ ಬಂದರು. ಎರಡನೇ ಯಂತ್ರ ತಾವಾಗಿಯೇ ಕೇಳಿದ ಭಕ್ತರನ್ನು ಅವರು ಅದೇ ಮೊದಲು ನೋಡಿದ್ದೇನೋ, ದಾರಿಯಲ್ಲೇ ಮಂತ್ರ ಶುರುಮಾಡಿದ್ದರು. ತೂಗುವಷ್ಟು ಹೊತ್ತು ಹಳೇದನ್ನು ಇಳಿಸಬಹುದು ಅಂತ ಅವರೇ ಅಪ್ಪಣೆ ಕೊಟ್ಟರು. ತರಕಾರಿ ಅಂಗಡಿಯ ತಕ್ಕಡಿ ತಂದು ಎರಡೂ ಯಂತ್ರ ತೂಗಿದೆ, ಹೊಸದಕ್ಕೆ ಅರ ಹಾಕಿ ಸಮ ಮಾಡಿದೆ, ಎರಡನ್ನೂ ಶಾಫ್ಟಿಗೆ ಎದುರುಬದುರಾಗಿ ಬಿಗಿದೆ. ಎಲ್ಲರೂ ಹತ್ತಿ ಹೈವೇಗೆ ಹೊರಟೆವು. ಐವತ್ತು, ಅರವತ್ತು, ಎಪ್ಪತ್ತು. ಸದ್ದಿಲ್ಲ, ನಡುಕವಿಲ್ಲ.

ಆಯಮ್ಮ ಲಾರಿಯಿಂದ ಇಳಿದವರೇ ಶಾಸ್ತ್ರಿಗಳ ಕಾಲಿಗೆ ಬಿದ್ದರು. ಗಂಡನನ್ನೂ ಬೀಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನೀವೂ ಮೂರು ಹೊತ್ತೂ ಲಾರಿ ಕೆಳಗೆ ಮಲಗಿರೋದರ ಬದಲು ಶಾಸ್ತ್ರಿಗಳ ಹತ್ರ ಸ್ವಲ್ಪ ರಿಪೇರಿ ಕಲೀಬಾರದಾ?" ಅಂದರು.

ಶಾಸ್ತ್ರಿಗಳು ದೊಡ್ಡ ಮನಸ್ಸು ಮಾಡಿದರು. "ಬಿಡಮ್ಮ, ಅವನದೇನು ತಪ್ಪು? ಬಾರಪ್ಪ ಮೇಸ್ತ್ರಿ, ನಿನಗೂ ಒಂದು ಯಂತ್ರ ಕಟ್ತೀನಿ."

ನನಗೆ ಉರಿಯುತ್ತಿತ್ತು. "ಒಂದು ಸಾಕಾ ಸ್ವಾಮಿ? ಎದುರುಬದುರು ಎರಡು ಬೇಡ್ವಾ?" ಅಂದೆ.

ಶಾಸ್ತ್ರಿಗಳು ನನ್ನ ತೋಳಿಗೆ ದಾರ ಸುತ್ತುತ್ತಾ, ಆಯಮ್ಮನಿಗೆ ಕೇಳಿಸದ ಹಾಗೆ ಕಿವಿಯ ಹತ್ತಿರ ಬಗ್ಗಿ ಹೇಳಿದರು:

"ಒಂದೇ ಸಾಕಪ್ಪ. ನೀನೇನು ಗಿರಗಿರ ತಿರುಗ್ತೀಯಾ?"