ಹಗೇವಿನಲ್ಲಿ ಮಲಗಿದ್ದ ಸೀಸೆ

ನಮ್ಮ ಚಿಕ್ಕಪ್ಪನಿಗೆ ಕುಡಿಯುವ ಚಟ ಇರಲಿಲ್ಲ; ಕುಡಿಯದೆ ಕಾಯುವ ಚಟವಿತ್ತು. ಅದು ಇನ್ನೂ ಕೆಟ್ಟದ್ದು ಅನ್ನುವುದು ಚಿಕ್ಕಮ್ಮನ ತೀರ್ಪು.

ಚಿನ್ನದ ಗಣಿಯಲ್ಲಿ ಗುಮಾಸ್ತರಾಗಿದ್ದಾಗ, ಸೀಮೆಗೆ ವಾಪಸು ಹೊರಟ ಇಂಗ್ಲಿಷ್ ದೊರೆಯೊಬ್ಬ ಅವರಿಗೆ ಒಂದು ಸೀಸೆ ಪೋರ್ಟ್ ವೈನ್ ಕೊಟ್ಟನಂತೆ. ಮಲಗಿಸಿಡು, ಅಲುಗಿಸಬೇಡ, ಹಳೆಯದಾದಷ್ಟೂ ರುಚಿ ಎಂದನಂತೆ. ಸರಿ, ಮುಳಬಾಗಿಲಿನ ಬಸ್ಸಿನಲ್ಲಿ ಚಿಕ್ಕಪ್ಪ ಅದನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡು ಬಂದರು. ಮಗು ನಿದ್ದೆ ಹೋಯಿತೇ ಎಂದು ಪಕ್ಕದ ಹೆಂಗಸು ತೆಲುಗಿನಲ್ಲಿ ಕೇಳಿದರೆ, "ಮೆಲ್ಲಗೆ ಮಾತಾಡಮ್ಮ, ಎದ್ಬಿಡುತ್ತೆ" ಎಂದರಂತೆ.

ಮನೆಯಲ್ಲಿ ತಂಪಾದ ಜಾಗ ಯಾವುದು? ರಾಗಿ ತುಂಬಿಡುವ ನೆಲಗುಂಡಿ, ಅಂಗಳದ ಹಗೇವು. ಸೀಸೆ ಅಲ್ಲಿಗೇ ಇಳಿಯಿತು.

"ಅನ್ನ ಇರೋ ಕಡೆ ಹೆಂಡ ಇಡ್ತೀರಾ? ಅದನ್ನ ತೆಗೆದ ದಿನ ನಾನು ದೇವರಾಯಸಮುದ್ರಕ್ಕೆ, ನಮ್ಮಮ್ಮನ ಮನೆಗೆ ಹೋಗ್ತೀನಿ, ನೋಡ್ತಿರಿ."

"ಈಗೆಲ್ಲಿ ತೆಗೀತೀನೇ? ಇನ್ನೂ ಹಣ್ಣಾಗಿಲ್ಲ ಕಣೇ."

ನನ್ನ ಮದುವೆಗೂ ಅದು ಹಣ್ಣಾಗಲಿಲ್ಲ.

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಚಿಕ್ಕಮ್ಮನಿಗೆ ಟೈಫಾಯ್ಡ್ ಬಂತು. ಜ್ವರ ಬಿಟ್ಟಿತು, ಹಸಿವು ಬರಲಿಲ್ಲ. ಗಂಜಿ ಕಂಡರೂ ಗೋಡೆಯ ಕಡೆ ತಿರುಗುತ್ತಿದ್ದರು. ಹೊಟ್ಟೆಗೆ ಏನೂ ಹೋಗದಿದ್ದರೆ ಉಳಿಸಿಕೊಳ್ಳುವುದು ಕಷ್ಟ ಎಂದರು ಡಾಕ್ಟರು. ಹೊರಡುವಾಗ, "ಹಿಂದೆ ದೊರೆಗಳು ಹಸಿವಾಗ್ಲಿ ಅಂತ ಒಂದು ಚಮಚ ಪೋರ್ಟ್ ಕುಡೀತಿದ್ರು" ಎಂದು ಸುಮ್ಮನೆ ಅಂದರು. ಚಿಕ್ಕಪ್ಪ ಅದನ್ನೇ ಹಿಡಿದುಕೊಂಡರು.

ಹಗೇವಿನ ಬಾಯಿ ತೆರೆದು, ಕೆಟ್ಟ ಗಾಳಿ ಹೋಗಲೆಂದು ಕಾದು, ಲಾಟೀನು ಇಳಿಸಿ ನೋಡಿದೆವು; ಆರಲಿಲ್ಲ. ಯಾರ ಮಾತೂ ಕೇಳದೆ ಚಿಕ್ಕಪ್ಪ ತಾವೇ ಇಳಿದರು. ಗಸಿ ತಳಕ್ಕಿಳಿಯಲೆಂದು ಸೀಸೆಯನ್ನು ಒಂದು ಹಗಲು ನಿಲ್ಲಿಸಿಟ್ಟರು. ತೆಗೆಯುವಾಗ ಬಿರಡೆ ಪುಡಿಪುಡಿಯಾಗಿ ಉದುರಿತು. ಮಲ್ಲು ಪಂಚೆಯಲ್ಲಿ ಗಾಜಿನ ಜಾಡಿಗೆ ಸೋಸಿ ಕಿಟಕಿಯ ಬೆಳಕಿಗೆ ಹಿಡಿದರು: ಸುಟ್ಟ ಇಟ್ಟಿಗೆಯ ಬಣ್ಣ. ಕಣ್ಣುಮುಚ್ಚಿ ಮೂಸಿದರು. ಒಣದ್ರಾಕ್ಷಿಯ, ಬೆಲ್ಲದ ಪಾಕದ ವಾಸನೆ ನಮ್ಮವರೆಗೂ ಬಂತು.

"ಕುಡಿದು ನೋಡಿ ಚಿಕ್ಕಪ್ಪ" ಎಂದೆ.

"ಮೊದಲು ಅವಳು."

ಚಿಕ್ಕಮ್ಮ ಚಮಚ ನೋಡಿದವರೇ, "ಟ್ರಂಕು ತೆಗೀರಿ, ನಾನು ಹೊರಟೆ" ಎಂದರು. ಏಳಲು ತ್ರಾಣವೆಲ್ಲಿತ್ತು?

"ಒಂದೇ ಚಮಚ ಕಣೇ. ಆಮೇಲೆ ನಾನೇ ಬಸ್ ಹತ್ತಿಸ್ತೀನಿ." ಚಿಕ್ಕಪ್ಪ ಚಮಚವನ್ನು ಅವರ ತುಟಿಗೆ ಹಿಡಿದರು.

ಚಿಕ್ಕಮ್ಮ ನುಂಗಿದರು. ಮುಖ ಹಿಂಡಿದರು.

"ಥೂ, ಇದಕ್ಕಾ ಇಷ್ಟು ವರ್ಷ ಕಾದಿದ್ದು? ಬಾಯೆಲ್ಲಾ ಕೆಟ್ಟೋಯ್ತು. ಒಂಚೂರು ಬಸ್ಸಾರು ಕೊಡಿ. ಮುದ್ದೆ ಇದ್ರೆ ಅದನ್ನೂ ತನ್ನಿ."

ಚಿಕ್ಕಪ್ಪ ಅಡುಗೆಮನೆಗೆ ಓಡಿದ ರಭಸಕ್ಕೆ ಜಾಡಿ ಉರುಳಿ, ವೈನೆಲ್ಲ ನೆಲದ ಪಾಲಾಯಿತು. ಅವರು ತಿರುಗಿಯೂ ನೋಡಲಿಲ್ಲ.

ಆಮೇಲೆ ಎಷ್ಟೋ ಸಲ ಕೇಳಿದ್ದೇನೆ, ಆ ಪೋರ್ಟ್ ರುಚಿ ಹೇಗಿತ್ತು ಚಿಕ್ಕಪ್ಪ ಅಂತ. ಒಂದು ತೊಟ್ಟೂ ಕುಡಿಯದ ಮನುಷ್ಯ ಕಣ್ಣೊರೆಸಿಕೊಂಡು ಹೇಳುತ್ತಿದ್ದರು:

"ಏನ್ ರುಚಿ ಕಣೋ ಅದು. ಅರ್ಧ ಮುದ್ದೆ ತಿಂದ್ಲು."