ಖಾನಾಪುರದ ಗುಮ್ಮಟದ ಮನೆ

ನಗೆಪಾಟಲು ನನ್ನನ್ನು ಹುಡುಕಿಕೊಂಡು ಬರುತ್ತದೆ. ವಿಳಾಸ ಕೂಡ ಕೇಳುವುದಿಲ್ಲ. ಬೆಳಗಾವಿಯ ಅರ್ಧ ಊರು ನಾನು ಕಟ್ಟಿದ್ದು, ಉಳಿದರ್ಧ ನನ್ನನ್ನು ನೋಡಿ ಕಲಿತವರು ಕಟ್ಟಿದ್ದು. ಇಂಥ ಗೌಂಡಿಯಾದ ನಾನು, ಎರಡು ಸಾವಿರದ ಇಸವಿಯ ಸುಮಾರಿಗೆ, ಖಾನಾಪುರದ ನಮ್ಮ ಜಾಗದಲ್ಲಿ ನೊರೆ ಬೆರೆಸಿದ ಹಗುರ ಕಾಂಕ್ರೀಟಿನ ಗುಮ್ಮಟದ ಮನೆ ಕಟ್ಟಲು ಹೊರಟೆ.

ಹೆಂಡತಿ ಶಹಾಪುರದ ಮಗ್ಗಗಳ ಓಣಿಯ ಮನೆ ಬಿಡಲು ತಯಾರಿರಲಿಲ್ಲ. "ಕಟ್ರಿ. ಒಳಗ ಬಂದು ನೋಡ್ತೀನಿ. ಮನಸಿಗೆ ಬಂದ್ರ ಇರ್ತೀನಿ, ಇಲ್ಲಾಂದ್ರ ಗುಮ್ಮಟದಾಗ ನೀವೊಬ್ರ ಮಲಕೋರಿ" ಅಂದಳು.

ಗುಮ್ಮಟದೊಳಗೆ ಮಲಗಿರುವವರು ಎಂಥವರೆಂದು ವಿಜಾಪುರದ ಗುಮ್ಮಟದಲ್ಲಿ ಗೋರಿ ನೋಡಿದವರಿಗೆ ಗೊತ್ತು.

೧. ಹಗುರ

ಆಟೋ ನಗರದ ಒಂದು ಶೆಡ್ಡಿನಲ್ಲಿ ಎಂಜಿನಿಯರ್ ಒಬ್ಬರು ಈ ವಿದ್ಯೆ ಕಲಿಸುತ್ತಿದ್ದರು. ಮಷೀನಿನಲ್ಲಿ ನೊರೆ ಎಬ್ಬಿಸಿ, ಅಳತೆ ನೋಡಿ ಸಿಮೆಂಟಿನ ರಾಡಿಗೆ ಬೆರೆಸಬೇಕು. ಅಳತೆ ಹೊಸಬರಿಗೆ, ನನಗಲ್ಲ. ಅವರು ಚಹಾಕ್ಕೆ ಹೋದಾಗ ಎರಡು ಪಟ್ಟು ನೊರೆ ಸುರಿದು, ಅಚ್ಚುಗಳನ್ನು ಬಾಯಿ ಮಟ್ಟ ತುಂಬಿಸಿ ಮನೆಗೆ ಬಂದೆ. ಬೆಳಿಗ್ಗೆ ನೋಡಿದರೆ ನೊರೆ ಒಡೆದು ಎಲ್ಲ ಕುಸಿದಿದೆ. ತಳದಲ್ಲಿ ಉಳಿದದ್ದು ರೊಟ್ಟಿಯಷ್ಟು ದಪ್ಪ. ಉಳಿದದ್ದೆಲ್ಲಿ ಎಂದು ಎಂಜಿನಿಯರ್ ಕೇಳಿದರು.

"ನೀವ ಹಗುರ ಆಗಬೇಕು ಅಂದ್ರಲ್ಲಾ ಸರ್, ಹಾರಿ ಹೋಗೇತಿ" ಅಂದೆ.

೨. ನೆಟ್ಟಗೆ

ಖಾನಾಪುರದಲ್ಲಿ ಜೋಡಿಗೆ ಅಲ್ಲಿಯವರೇ ಒಬ್ಬ ಗೌಂಡಿ ಸಿಕ್ಕರು. ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಡದೆ ಒಂದು ಇಟ್ಟಿಗೆಯನ್ನೂ ನಂಬದ ಮನುಷ್ಯ. ಗುಮ್ಮಟವೆಂದರೆ ಒಂದೊಂದು ಸುತ್ತೂ ಒಳಗೆ ವಾಲುತ್ತಾ ಏರಬೇಕು. ನಾನು ಸಿಮೆಂಟ್ ತರಲು ಎರಡು ದಿನ ಬೆಳಗಾವಿಗೆ ಹೋಗಿ ಬಂದರೆ, ಇವರು ನಿಧಾನಕ್ಕೆ ನನ್ನನ್ನು ಬದಿಗೆ ಕರೆದರು.

"ಕಾಕಾ, ಮೂರು ಸುತ್ತು ಒಳಗ ವಾಲಿದ್ವು. ಕೆಡವಿ, ಗುಂಡು ಹಿಡದು ನೆಟ್ಟಗ ಕಟ್ಟೇನಿ. ಯಾರ ಮುಂದೂ ಹೇಳೂದಿಲ್ಲ, ಕಾಳಜಿ ಮಾಡಬ್ಯಾಡ್ರಿ."

ನೆಲದ ಮೇಲೆ ಬಾವಿ ಕಟ್ಟಿಸಿದ ಮೊದಲ ಮನುಷ್ಯ ಎಂಬ ಹೆಸರು ಆ ತಾಲೂಕಿನಲ್ಲಿ ಇವತ್ತಿಗೂ ನನ್ನದೇ.

೩. ಒಪ್ಪಿಗೆ

ಅಂತೂ ಕೆಡವಿ, ಕಟ್ಟಿ, ಗುಮ್ಮಟ ಮುಗಿಯಿತು. ಹೆಂಡತಿ ಬಸ್ಸಿಳಿದು ನೇರ ಒಳಗೆ ಬಂದಳು. ಒಂದು ಸುತ್ತು ಹಾಕಿದಳು. ಗೋಡೆಯೆಲ್ಲ ಬಾಗಿದರೆ ತವರಿನ ಕಪಾಟು ಎಲ್ಲಿ ಆನಿಸಿ ಇಡಲಿ ಎಂದು ಕೇಳಿ, ಆಚೆ ತುದಿಗೆ ಹೋಗಿ ಗೋಡೆ ನೋಡುತ್ತಾ ನಿಂತಳು. ಕೆಲಸ ಕೆಟ್ಟಿತು ಅಂದುಕೊಂಡೆ. ಬಾಗಿಲ ಹತ್ತಿರ ಗೋಡೆಗೆ ಮುಖ ಮಾಡಿ, ಎಂದಿನಂತೆ ತುಟಿಯೊಳಗೇ ಗೊಣಗಿದೆ: "ಇಕಿಗೆ ಸ್ವರ್ಗ ಕಟ್ಟಿ ಕೊಟ್ರೂ ಕಪಾಟ ಎಲ್ಲಿಡ್ಲಿ ಅಂತಾಳ."

ಗುಮ್ಮಟ ಆ ಮಾತನ್ನು ಎತ್ತಿಕೊಂಡು ಹೋಗಿ ಅವಳ ಕಿವಿಯಲ್ಲಿ ಇಟ್ಟಿತು. ಅವಳು ತಿರುಗಲಿಲ್ಲ. ಅಷ್ಟೇ ಮೆಲ್ಲಗೆ ಅವಳ ದನಿ ನನ್ನ ಕಿವಿಯ ಬುಡದಲ್ಲೇ ಕೇಳಿಸಿತು.

"ಇಲ್ಲೇ ಇರೂಣ್ರಿ. ಶಹಾಪುರದಾಗ ಮಗ್ಗದ ಸಪ್ಪಳದಾಗ ನೀವು ಇಪ್ಪತ್ತು ವರ್ಷ ಏನು ಗೊಣಗಿದ್ರಿ ಅಂತ ನನಗ ಒಂದೂ ಕೇಳಿಸಿಲ್ಲ."